ಕೆಂಪು ದಾರದ ಹೆಡ್‌ಫೋನು

ಶನಿವಾರ ಬೆಳಿಗ್ಗೆ ನಾನು ಪತ್ರಿಕೆಯ ಎರಡನೆಯ ಪುಟವನ್ನು ಮಗುಚುತ್ತಿದ್ದಾಗ ಅಕ್ಕನ ಫೋನು ಬಂದಿತು. ಕ್ಷೇಮಸಮಾಚಾರದ ಪೀಠಿಕೆಯಿಲ್ಲದೆ ನೇರವಾಗಿ ವಿಷಯಕ್ಕೆ ಇಳಿಯುವುದು ಅವಳ ಹಳೆಯ ಅಭ್ಯಾಸ.

“ನಿನ್ನ ಹೆಡ್‌ಫೋನು ಬಂದು ತಗೊಂಡು ಹೋಗು. ಸೋಮವಾರ ಪುಸ್ತಕಾನೂ ವಾಪಸ್ ಕಳಿಸ್ತಿದ್ದೀನಿ. ಇನ್ನು ನಾನು ಓದೋದಿಲ್ಲ.”

“ಯಾಕಕ್ಕ, ಏನಾಯ್ತು?”

“ಕಿವಿ ಹೋಯ್ತು ಕಣೋ. ಅಮ್ಮನಿಗೆ ಎಪ್ಪತ್ತೆಂಟಕ್ಕೆ ಹೋಯ್ತಲ್ಲ, ನನಗೂ ಹೇಳಿ ಮಾಡಿಸಿದ ಹಾಗೆ ಎಪ್ಪತ್ತೆಂಟಕ್ಕೇ ಹೋಯ್ತು. ಇದರಲ್ಲಿ ಗೋಳಾಡೋದೇನಿಲ್ಲ. ಹನ್ನೊಂದರೊಳಗೆ ಬಾ.”

ಅಕ್ಕ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ನಿವೃತ್ತಳಾಗಿ, ಭಾವನವರೂ ತೀರಿಕೊಂಡ ಮೇಲೆ, ಅಂಧರ ಗ್ರಂಥಾಲಯಕ್ಕಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸವನ್ನು ತಾನಾಗಿ ಕೇಳಿ ಪಡೆದಳು. ಗ್ರಂಥಾಲಯದವರು ಅಂಗೈಯಗಲದ ಒಂದು ರೆಕಾರ್ಡರನ್ನೂ ಮೋಟು ಕಾಲಿನ ಒಂದು ಮೈಕನ್ನೂ ಕೊಟ್ಟರು. ಅಂದಿನಿಂದ ಹನ್ನೆರಡು ವರ್ಷ, ಬೆಳಗಿನ ಹೊತ್ತು, ಒಳಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಫ್ಯಾನು ಆರಿಸಿ, ಹೆಡ್‌ಫೋನಿನಲ್ಲಿ ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಳ್ಳುತ್ತ ಅವಳು ಓದಿದ್ದಾಳೆ. ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು. ಯಾವ ಕೇಳುಗನ ಮುಖವನ್ನೂ ಅವಳು ಕಂಡಿಲ್ಲ, ಅವಳ ಮುಖವನ್ನು ಅವರೂ ಕಂಡಿಲ್ಲ. ಆದರೂ ತಿಂಗಳಿಗೆ ಹತ್ತಾರು ಮಂದಿ ಅವಳ ಯೋಗಕ್ಷೇಮವನ್ನು ಗ್ರಂಥಾಲಯದಲ್ಲಿ ವಿಚಾರಿಸುತ್ತಾರೆ. ಆ ಓದು ನಿಂತರೆ ಅಕ್ಕನ ದಿನದಲ್ಲಿ ಉಳಿಯುವುದು ಎರಡು ಹೊತ್ತಿನ ಊಟ ಮತ್ತು ಗೋಡೆಯ ಗಡಿಯಾರ. ಇದು ನನಗೆ ತಿಳಿದಿತ್ತು. ನನಗಿಂತ ಚೆನ್ನಾಗಿ ಅವಳಿಗೆ ತಿಳಿದಿತ್ತು.

ಇನ್ನು ಅವಳು ‘ನಿನ್ನ’ ಎಂದ ಹೆಡ್‌ಫೋನಿನ ಸಂಗತಿ.

ನಾನು ಮೂವತ್ತಾರು ವರ್ಷ ರೇಡಿಯೋ ನಿಲಯದ ನಿಯಂತ್ರಣ ಕೋಣೆಯಲ್ಲಿ ದುಡಿದವನು. ಗಾಜಿನ ಆಚೆ ಓದುವವರು, ಈಚೆ ಗುಂಡಿಗಳ ಮುಂದೆ ನಾನು. ನನ್ನ ನಿವೃತ್ತಿಯ ದಿನ ಸಹೋದ್ಯೋಗಿಗಳು ಭಾಷಣಗಳನ್ನೆಲ್ಲ ಮುಗಿಸಿ, ಕೊನೆಗೆ, ನಾನು ವರ್ಷಾನುಗಟ್ಟಲೆ ತಲೆಗೇರಿಸಿಕೊಂಡಿದ್ದ ಹೆಡ್‌ಫೋನನ್ನೇ ಕಾಗದದಲ್ಲಿ ಸುತ್ತಿ ಕೈಗಿತ್ತರು. ಉಕ್ಕಿನ ಪಟ್ಟಿ, ಮಾಸಿದ ತೊಗಲಿನ ದಿಂಬು, ಕಿವಿಯ ಬಟ್ಟಲಿನ ಹಿಂಬದಿಯಲ್ಲಿ ಕೆತ್ತಿದ ‘ಆರು ನೂರು ಓಮ್’ ಎಂಬ ಅಂಕಿ. ಅದನ್ನು ಹಿಡಿದು ಮನೆಗೆ ನಡೆದು ಬಂದ ಸಂಜೆ, ಪದಕ ಗೆದ್ದವನ ಹಾಗೆ ನಾನು ಬೀದಿಯ ಮಧ್ಯದಲ್ಲೇ ನಡೆದಿದ್ದೆನೆಂದು ನನ್ನಾಕೆ ಇಂದಿಗೂ ಆಡಿಕೊಳ್ಳುತ್ತಾಳೆ.

ನಾಲ್ಕು ತಿಂಗಳ ಹಿಂದೆ ಅಕ್ಕನ ಮನೆಗೆ ಹೋದಾಗ ಅವಳ ಕೆನ್ನೆಯ ಮೇಲೆ ಕರಿಯ ಹೊಟ್ಟಿನಂಥ ಚೂರುಗಳು ಅಂಟಿಕೊಂಡಿದ್ದವು. ಗ್ರಂಥಾಲಯದವರು ಕೊಟ್ಟಿದ್ದ ಅಗ್ಗದ ಹೆಡ್‌ಫೋನಿನ ದಿಂಬು ಹರಿದು ಉದುರುತ್ತಿತ್ತು. ನಾನು ಅದನ್ನು ತಿರುಗಿಸಿ ನೋಡಿದೆ. ಮೂವತ್ತೆರಡು ಓಮ್ ಎಂದಿತ್ತು.

“ಮೂವತ್ತೆರಡು! ಅಕ್ಕ, ಇದು ಹೆಡ್‌ಫೋನೋ, ಮಕ್ಕಳ ಆಟದ ಸಾಮಾನೋ? ನೀನು ಓದೋ ಓದಿಗೆ ಇದು ಅವಮಾನ” ಎಂದು ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದೆ. ಮರುವಾರ ನನ್ನ ಪದಕವನ್ನು ತಂದು ಅವಳಿಗೊಪ್ಪಿಸಿದೆ. ಅದರ ತುದಿಯ ದಪ್ಪ ಪಿನ್ನು ಆ ಪುಟ್ಟ ರೆಕಾರ್ಡರಿನ ತೂತಿಗೆ ಹಿಡಿಯುವಂತಿರಲಿಲ್ಲ. ಅದಕ್ಕಾಗಿ ಹಿಂದಿನ ದಿನವೇ ಮನೆಯಲ್ಲಿ ಕುಳಿತು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ದಪ್ಪ ಪಿನ್ನನ್ನು ಕತ್ತರಿಸಿ ತೆಗೆದು ಸಣ್ಣದೊಂದನ್ನು ಬೆಸುಗೆ ಹಾಕಿದ್ದೆ. ಒಂದು ಉಪಕರಣ ‘ಇದು ನನ್ನ ಜಾಗವಲ್ಲ’ ಎಂದು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ಅದರ ನಾಲಗೆಯನ್ನೇ ಕತ್ತರಿಸಿದ್ದೆನೆಂಬುದು ಆಗ ನನಗೆ ಹೊಳೆಯಲಿಲ್ಲ.

ಅಕ್ಕ ಅದನ್ನು ಹಾಕಿಕೊಂಡು, ಮುಖ ಸ್ವಲ್ಪ ಓರೆ ಮಾಡಿ, “ಸದ್ದು ಮೆತ್ತಗಿದೆಯಲ್ಲೋ?” ಎಂದಳು.

“ಶುದ್ಧವಾದ ಸದ್ದು ಕಿರುಚೋದಿಲ್ಲ ಅಕ್ಕ. ಇಷ್ಟು ದಿನ ನೀನು ಗಲಾಟೆಗೆ ಒಗ್ಗಿಹೋಗಿದ್ದೆ” ಎಂದೆ.

ಅವಳು ನಂಬಿದಳು. ಧ್ವನಿಯ ವಿಷಯದಲ್ಲಿ ನಮ್ಮ ಮನೆತನದಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ.

ಹಾಗೆಂದು, ನನ್ನ ಮಾತು ಕೇವಲ ಜಂಬದ್ದೂ ಅಲ್ಲ. ಅದಕ್ಕೊಂದು ಬೇರು ಇತ್ತು. ಅಕ್ಕನೂ ನಾನೂ ಕೂಡಿ ನೀರೆರೆದ ಬೇರು.

ನಮ್ಮಪ್ಪ ಗಡಿಯಾರ ರಿಪೇರಿಯವರು. ನನಗೆ ಏಳು, ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಅವರು ಒಂದು ಹರಳಿನ ರೇಡಿಯೋವನ್ನು ಕಟ್ಟಿದರು. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ರಟ್ಟಿನ ಕೊಳವೆಗೆ ಸುತ್ತಿದ ತಾಮ್ರದ ತಂತಿ, ಉಗುರಿನಷ್ಟು ಒಂದು ಹರಳು, ಅದರ ಮೈಮೇಲೆ ಮೆಲ್ಲಗೆ ಊರಿದ ಒಂದು ಸೂಜಿ, ಮಾಳಿಗೆಯ ಮೇಲಿಂದ ಇಳಿಬಿಟ್ಟ ಉದ್ದನೆಯ ತಂತಿ, ಇಷ್ಟೇ. ಗಾಳಿಯಲ್ಲಿ ಬಂದಷ್ಟೇ ಅದರ ಬಂಡವಾಳ. ಅದಕ್ಕೆ ಸಾಮಾನ್ಯ ಹೆಡ್‌ಫೋನು ಹಾಕಿದರೆ ಆ ಚಿಟಿಕೆ ಶಕ್ತಿ ಸದ್ದಾಗುವ ಮೊದಲೇ ಸೋರಿಹೋಗುತ್ತಿತ್ತು. ಆದ್ದರಿಂದ ಅಪ್ಪ ಎಲ್ಲಿಂದಲೋ ಕೂದಲಿಗಿಂತ ತೆಳ್ಳನೆಯ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಹೆಡ್‌ಫೋನನ್ನು ಸಂಪಾದಿಸಿದ್ದರು. ಅದರ ಒಂದೊಂದು ಬಟ್ಟಲಿನ ಮೇಲೂ ‘ಎರಡು ಸಾವಿರ ಓಮ್’ ಎಂದು ಅಚ್ಚಾಗಿತ್ತು.

“ನೋಡಿ ಮಕ್ಕಳೇ, ಎರಡು ಸಾವಿರ!” ಎಂದು ಅಪ್ಪ ಆ ಅಂಕಿಯನ್ನು ಬೆರಳಿನಿಂದ ಸವರಿ ತೋರಿಸುತ್ತಿದ್ದರು. “ಇದು ದೊಡ್ಡದಾದಷ್ಟೂ ಒಳ್ಳೇದು.”

ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಅವರು ಪಟ್ಟಿಯಿಂದ ಎರಡು ಬಟ್ಟಲುಗಳನ್ನೂ ಬಿಡಿಸಿ, ಒಂದನ್ನು ಅಕ್ಕನಿಗೂ ಒಂದನ್ನು ನನಗೂ ಕೊಡುತ್ತಿದ್ದರು. ನಡುವಿನ ತಂತಿ ಮೋಟಾಗಿದ್ದುದರಿಂದ ನಾವು ತಲೆಗೆ ತಲೆ ತಾಗಿಸಿ ಕೂರಬೇಕಾಗಿತ್ತು. ನಾನು ಉಸಿರು ಜೋರಾಗಿ ಬಿಟ್ಟರೆ ಅಕ್ಕ ತೊಡೆ ಜಿಗುಟುತ್ತಿದ್ದಳು. ಅಮ್ಮ ಪಾತ್ರೆಯ ಸದ್ದಾಗದಂತೆ ಒಲೆಯ ಮುಂದೆ ಕಾಲಬೆರಳ ಮೇಲೆ ನಡೆಯುತ್ತಿದ್ದಳು. ಆಗ, ಬಹಳ ದೂರದಿಂದ, ತೆಳ್ಳನೆಯ ಪರದೆಯ ಆಚೆಯಿಂದ ಬಂದಂತೆ, ಯಾರೋ ಒಬ್ಬ ಹೆಂಗಸು ವಾರ್ತೆ ಓದುವುದು ಕೇಳಿಸುತ್ತಿತ್ತು. ಅಕ್ಕ ಅವಳ ಹಾಗೆಯೇ ಗಂಟಲು ತಗ್ಗಿಸಿ ಓದುವುದನ್ನು ಕಲಿತದ್ದು ಆ ಬಟ್ಟಲಿನಿಂದ. ನಾನು ಆ ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುತ್ತ ನಿಲಯದ ಬಾಗಿಲಿಗೆ ಹೋಗಿ ನಿಂತದ್ದೂ ಆ ಬಟ್ಟಲಿನಿಂದಲೇ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಅಪ್ಪನ ಮಾತು ಅವರ ಹರಳಿನ ರೇಡಿಯೋದ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಅದರ ಮಟ್ಟಿಗೆ ಮಾತ್ರ ನಿಜವೆಂಬುದನ್ನು ನಾನು ಕಲಿತದ್ದುಂಟು; ಕಲಿತು, ಮುಪ್ಪಿನಲ್ಲಿ ಮರೆತದ್ದೂ ಉಂಟು.

ಅಕ್ಕನ ಮನೆ ಮಹಡಿಯ ಮೇಲೆ. ಮೆಟ್ಟಿಲಿನ ಬುಡದಲ್ಲಿ ಒಬ್ಬ ದರ್ಜಿಯ ಅಂಗಡಿ. ನನ್ನನ್ನು ಕಂಡೊಡನೆ ಅವನು ಮೆಷಿನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ.

“ಬನ್ನಿ ಸಾರ್. ನಿಮ್ಮನ್ನೇ ಕೇಳೋಣ ಅಂತಿದ್ದೆ. ಆ ದೋಣಿಯವನ ಮಗಳು ಮನೆ ಬಿಟ್ಟು ಹೋದಳೋ, ಇಲ್ಲವೋ?”

“ಯಾರ ಮಗಳು?”

“ಅದೇ ಸಾರ್, ಟೀಚರಮ್ಮ ಓದ್ತಾರಲ್ಲ, ಆ ಕಾದಂಬರಿ. ಮೂರು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ ನಾನು. ಮೊದಲೆಲ್ಲ ಮೇಲೆ ಅವರು ಇದ್ದಾರೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಈಗ ನೋಡಿ, ಕೂತಲ್ಲೇ ಕಥೆ. ಗುರುವಾರ ಹುಡುಗಿ ಗಂಟು ಕಟ್ಟಿ ಬಾಗಿಲಿಗೆ ಬಂದಿದ್ದಳು, ಅಷ್ಟಕ್ಕೇ ನಿಲ್ಲಿಸಿಬಿಟ್ಟರು. ನೆನ್ನೆ ಒಂದು ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿದ್ದೀನಿ.”

ನಾನು ನಕ್ಕು ಮೆಟ್ಟಿಲು ಹತ್ತಿದೆ. ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಆ ನಗೆ ತಣ್ಣಗಾಯಿತು. ಅಕ್ಕನ ಧ್ವನಿ ಕೆಳಗಿನ ಅಂಗಡಿಗೆ ಕೇಳಿಸುತ್ತದೆಯೆ? ತರಗತಿಯಲ್ಲಿ ಕೂಡ ಗಂಟಲೆತ್ತದೆ, ಹುಬ್ಬನ್ನು ಮಾತ್ರ ಎತ್ತಿ ಅರವತ್ತು ಮಕ್ಕಳನ್ನು ಕೂರಿಸುತ್ತಿದ್ದವಳು ಅವಳು.

ಒಳಕೋಣೆಯ ಮೇಜಿನ ಮೇಲೆ ಎಲ್ಲವೂ ಸಿದ್ಧವಾಗಿತ್ತು. ಕಾದಂಬರಿಗೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿ ದಾರ ಕಟ್ಟಿದ್ದಳು. ರೆಕಾರ್ಡರು ಅದರ ಡಬ್ಬಿಯೊಳಗೆ ಮಲಗಿತ್ತು. ನನ್ನ ಹೆಡ್‌ಫೋನು ಬಿಳಿಯ ಟವಲಿನ ಮೇಲೆ ಇತ್ತು. ಕಿಟಕಿಯ ಕಂಬಳಿಯನ್ನು ತೆಗೆದುಬಿಟ್ಟಿದ್ದಳು. ಹನ್ನೆರಡು ವರ್ಷಗಳಲ್ಲಿ ಆ ಕೋಣೆಗೆ ಬೆಳಗಿನ ಬಿಸಿಲು ಬಂದದ್ದನ್ನು ನಾನು ಕಂಡದ್ದು ಅಂದೇ.

“ಕೂತ್ಕೋ. ಕಾಫಿ ಆಗ್ತಿದೆ.”

“ಅಕ್ಕ, ಡಾಕ್ಟರಿಗೆ ತೋರಿಸಿದೆಯಾ?”

“ಅವನೇನು ಹೇಳ್ತಾನೆ, ನಿಮಗೆ ಹದಿನಾರು ವರ್ಷ ಅಂತಾನಾ?” ಎಂದಳು. ಆಮೇಲೆ ಸೆರಗಿನಿಂದ ಮೇಜಿನ ಮೇಲಿಲ್ಲದ ಧೂಳನ್ನು ಒರೆಸುತ್ತ ನಿಧಾನವಾಗಿ ಹೇಳಿದಳು: “ಮಾತು ಕೇಳ್ಸುತ್ತೆ ಕಣೋ. ನಿನ್ನ ಗಂಟಲು ಮೊದಲಿಂದ ಜೋರು, ಅದಕ್ಕೇನು. ಹೋಗಿರೋದು ಸಣ್ಣ ಸದ್ದು. ಹೆಡ್‌ಫೋನಲ್ಲಿ ನನ್ನ ಧ್ವನಿ ನನಗೇ ಸಿಗ್ತಿಲ್ಲ. ಗುಂಡಿ ಪೂರ್ತಿ ತಿರುಗಿಸಿಟ್ಟಿದ್ದೀನಿ, ಆದರೂ ಯಾರೋ ಪಕ್ಕದ ಬೀದೀಲಿ ಓದಿದ ಹಾಗಿರುತ್ತೆ. ನನಗೆ ಕೇಳಿಸ್ಲಿ ಅಂತ ಗಂಟಲೆತ್ತಿದೆ. ದಿನಾ ಸ್ವಲ್ಪ ಸ್ವಲ್ಪ ಎತ್ತಿ ಎತ್ತಿ ಎಲ್ಲಿಗೆ ಬಂದೆ ಅಂತ ನನಗೇ ಗೊತ್ತಾಗಲಿಲ್ಲ. ಬುಧವಾರ ಗ್ರಂಥಾಲಯದ ಹುಡುಗಿ ಫೋನು ಮಾಡಿದ್ದಳು. ಪಾಪ, ಹೇಳೋಕೆ ಒದ್ದಾಡಿದಳು. ‘ಮೇಡಂ, ಕೇಳೋರೆಲ್ಲ ವಿಚಾರಿಸ್ತಿದ್ದಾರೆ, ಅಮ್ಮನಿಗೆ ನಮ್ಮ ಮೇಲೆ ಏನಾದರೂ ಕೋಪವಾ ಅಂತ.’”

ಅವಳು ನಗಲು ನೋಡಿದಳು. 

“ಕಣ್ಣಿಲ್ಲದವರಿಗೆ ಧ್ವನಿಯೇ ಮುಖ ಅಲ್ಲವೇನೋ. ಮೂರು ತಿಂಗಳಿಂದ ನಾನು ಅವರ ಮುಂದೆ ಮುಖ ಗಂಟು ಹಾಕ್ಕೊಂಡು ಕೂತಿದ್ದೀನಿ. ನಮ್ಮಮ್ಮ ನೆನಪಾದಳು. ಕಿವಿ ಹೋದ ಮೇಲೆ ಅವಳೂ ಹೀಗೇ ಕಿರುಚಿ ಮಾತಾಡ್ತಿದ್ದಳು, ನಾವು ಮಕ್ಕಳೆಲ್ಲ ಸೇರಿ ‘ಮೆಲ್ಲಗಮ್ಮ, ಮೆಲ್ಲಗೆ’ ಅಂತ ಗದರಿಸಿ ಗದರಿಸಿ ಕೊನೆಗೆ ಅವಳು ಮಾತಾಡೋದನ್ನೇ ಬಿಟ್ಟಳು. ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಸುಮ್ಮನೆ ಕೂರೋಳು. ನನ್ನನ್ನ ಯಾರೂ ಗದರಿಸೋದು ಬೇಡ. ನಾನೇ ಬಿಡ್ತೀನಿ.”

ನಾನು ವಯಸ್ಸಾದ ಮೇಲೆ ಇದೆಲ್ಲ ಸಹಜವೆಂಬ ಅರ್ಥದ ಒಂದು ಮಾತನ್ನು ಗೊಣಗಿದೆ. ಧ್ವನಿಯ ಶಾಸ್ತ್ರವನ್ನೇ ಉಂಡು ಬೆಳೆದ ನಾನು ಒಡಹುಟ್ಟಿದವಳಿಗೆ ಹೇಳಿದ ಸಮಾಧಾನ ಅಷ್ಟು.

ಅವಳು ತಲೆಯಾಡಿಸಿ, ತಟ್ಟನೆ ಅಡುಗೆಮನೆಯ ಕಡೆಗೆ ಕತ್ತು ತಿರುಗಿಸಿದಳು. “ನಲ್ಲಿ ತೊಟ್ಟಿಕ್ತಿದೆ. ಹೋಗಿ ಬಿಗಿ ಮಾಡಿ ಬಾ. ಹಾಗೇ ಒಲೆ ಆರಿಸು, ಹಾಲು ಅಂಚಿಗೆ ಬಂತು.”

ನಾನು ಎದ್ದು ಹೋದೆ. ಹಾಲು ನಿಜವಾಗಿಯೂ ಪಾತ್ರೆಯ ಅಂಚಿನಲ್ಲಿ ನಡುಗುತ್ತಿತ್ತು. ನಲ್ಲಿಯಿಂದ ಹನಿ ಬೀಳುತ್ತಿತ್ತು. ತೊಟ್ಟಿಯ ಮೇಲಲ್ಲ, ಕೆಳಗಿಟ್ಟಿದ್ದ ಒದ್ದೆ ಬಟ್ಟೆಯ ಮೇಲೆ. ನಾನು ಬಗ್ಗಿ ಕಿವಿಗೊಟ್ಟೆ. ಒಂದು ಮೊಳದ ದೂರದಲ್ಲಿ ನಿಂತರೂ ಆ ಹನಿಯ ಸದ್ದು ನನಗೆ ಕೇಳಿಸಲಿಲ್ಲ.

ಅಕ್ಕನಿಗೆ ಅದು ಎರಡು ಕೋಣೆಗಳಾಚೆಯಿಂದ ಕೇಳಿಸಿತ್ತು.

ಒಲೆ ಆರಿಸಿ ನಲ್ಲಿಯನ್ನು ಬಿಗಿ ಮಾಡಿದೆ. ಒಳಕ್ಕೆ ಬಂದು ಟವಲಿನ ಮೇಲಿನ ಹೆಡ್‌ಫೋನನ್ನು ಕೈಗೆತ್ತಿಕೊಂಡೆ. ಉಕ್ಕಿನ ಪಟ್ಟಿಯ ಒಳಮಗ್ಗುಲಲ್ಲಿ, ತೊಗಲು ಕೊನೆಗೊಳ್ಳುವ ಕಡೆ, ನಾಲ್ಕು ಸುತ್ತು ಬಿಗಿದ ಒಂದು ದಾರವಿತ್ತು. ಬಣ್ಣ ಮಾಸಿ ಕಂದಾಗಿದ್ದರೂ ಅದು ಕೆಂಪು ದಾರ. ಅದನ್ನು ಕಟ್ಟಿದ ಬೆರಳುಗಳು ಕಣ್ಣ ಮುಂದೆ ಬಂದವು.

ನಮ್ಮ ನಿಲಯದಲ್ಲಿ ಒಬ್ಬ ಉಗ್ರಾಣಿಯಿದ್ದರು. ಇಂಜಿನಿಯರಲ್ಲ, ಯಾವ ಪದವಿಯೂ ಇಲ್ಲ. ಸಾಮಾನುಗಳ ಕೋಣೆಯನ್ನು ಕಾಯುವವರು. ಅವರ ಕಪಾಟಿನಲ್ಲಿ ಎರಡು ಅಂತಸ್ತು. ಮೇಲಿನದರಲ್ಲಿ ಕೆಂಪು ದಾರ ಕಟ್ಟಿದ ಹೆಡ್‌ಫೋನುಗಳು, ಆರು ನೂರು ಓಮಿನವು. ಅವು ನಿಯಂತ್ರಣ ಕೋಣೆಯ ದೊಡ್ಡ ಮೇಜಿಗೆ ಮಾತ್ರ. ಕೆಳಗಿನದರಲ್ಲಿ ಬಿಳಿ ದಾರದವು, ಕಡಿಮೆ ಓಮಿನವು. ಅವು ಬ್ಯಾಟರಿಯ ರೆಕಾರ್ಡರು ಹೆಗಲಿಗೇರಿಸಿ ಊರೂರು ತಿರುಗುವ ವರದಿಗಾರರಿಗೆ. ಯಾರೇ ಹೋಗಿ ಹೆಡ್‌ಫೋನು ಕೇಳಿದರೂ, ಅವರು ನಿಲಯದ ನಿರ್ದೇಶಕರೇ ಆಗಿರಲಿ, ಉಗ್ರಾಣಿಯ ಬಾಯಿಂದ ಬರುತ್ತಿದ್ದುದು ಒಂದೇ ಪ್ರಶ್ನೆ:

“ಯಾವುದಕ್ಕೆ ಚುಚ್ಚುತ್ತೀರಿ?”

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮಧ್ಯಾಹ್ನ ಉಗ್ರಾಣಿ ಊಟಕ್ಕೆ ಹೋಗಿದ್ದಾಗ ಒಬ್ಬ ವರದಿಗಾರರು ಅವಸರದಲ್ಲಿ ಬಂದರು. ಸಮುದ್ರದ ದೀಪಸ್ತಂಭವನ್ನು ನಲವತ್ತು ವರ್ಷ ಕಾದ ಮುದುಕರೊಬ್ಬರನ್ನು ಮಾತಾಡಿಸಲು ಹೊರಟಿದ್ದರು. ನಾನು ಅಪ್ಪನ ಮಗ. ದೊಡ್ಡ ಅಂಕಿಯೇ ಒಳ್ಳೆಯದೆಂದು ಮೇಲಿನ ಅಂತಸ್ತಿನಿಂದ ಕೆಂಪು ದಾರದ್ದನ್ನು ತೆಗೆದುಕೊಟ್ಟೆ. ಅವರಿಗೆ ಅದರಲ್ಲಿ ಮುದುಕರ ಮಾತು ಪಿಸುಗುಟ್ಟಿದಂತೆ ಕೇಳಿಸಿತು. ಧ್ವನಿ ಸಾಲದೆಂದು ತಿಳಿದು ಅವರು ರೆಕಾರ್ಡರಿನ ಗುಂಡಿಯನ್ನು ಏರಿಸುತ್ತ ಹೋದರು. ಮರಳಿ ಬಂದ ಟೇಪಿನಲ್ಲಿ ಮುದುಕರ ಒಂದೊಂದು ಮಾತೂ ಹರಿದ ಬಟ್ಟೆಯಂತೆ ಒಡೆದಿತ್ತು. ಮತ್ತೆ ಹೋಗಿ ಕೇಳಿದಾಗ ಮುದುಕರು, “ಆವತ್ತೇ ಎಲ್ಲ ಹೇಳಿದೆನಲ್ಲಪ್ಪ” ಎಂದು ಐದೇ ನಿಮಿಷದಲ್ಲಿ ಮುಗಿಸಿದರಂತೆ.

ಉಗ್ರಾಣಿ ನನ್ನನ್ನು ಬೈಯಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳಿದರು: “ಈ ಓಮ್ ಅಳೆಯೋದು ಇಂಪೀಡೆನ್ಸು, ಅಂದರೆ ತಡೆ ಕಣಯ್ಯ. ಒಳಗೆ ಬರೋ ವಿದ್ಯುತ್ತಿಗೆ ಹೆಡ್‌ಫೋನು ಎಷ್ಟು ಅಡ್ಡ ನಿಲ್ಲುತ್ತೆ ಅನ್ನೋದರ ಅಳತೆ. ತಡೆ ಹೆಚ್ಚಿದ್ದರೆ ಹಿಂದಿನಿಂದ ನೂಕೋ ಬಲ ಹೆಚ್ಚಿರಬೇಕು. ನಮ್ಮ ಮೇಜಿಗೆ ಆ ಬಲ ಬೇಕಾದಷ್ಟಿದೆ. ಬ್ಯಾಟರಿ ಡಬ್ಬಿಗೆ ಎಲ್ಲಿಂದ ಬರಬೇಕು? ಈ ಅಂಕಿ ಒಳ್ಳೇದು ಕೆಟ್ಟದ್ದು ಹೇಳೋದಿಲ್ಲ. ಯಾರಿಗೆ ಯಾರು ಜೋಡಿ ಅಂತ ಹೇಳುತ್ತೆ, ಅಷ್ಟೇ.” ಆಮೇಲೆ ದೋಷಗಳ ದಫ್ತರವನ್ನು ನನ್ನ ಮುಂದೆ ತೆರೆದಿಟ್ಟು ಪೆನ್ನು ಕೊಟ್ಟರು. ನಮ್ಮ ನಿಲಯದ ಕಟ್ಟಳೆ ಅದು: ಪ್ರಸಾರದಲ್ಲಿ ಏನೇ ತಪ್ಪಾದರೂ ದೋಷ, ಕಾರಣ, ಪರಿಹಾರ, ಹೊಣೆ ಎಂಬ ನಾಲ್ಕು ಕಾಲಮುಗಳನ್ನು ತಪ್ಪು ಮಾಡಿದವನೇ ತನ್ನ ಕೈಯಾರೆ ತುಂಬಬೇಕು. ಮೂವತ್ತಾರು ವರ್ಷಗಳಲ್ಲಿ ನಾನು ತುಂಬಿದ್ದು ಆ ಒಂದು ಸಾಲನ್ನು ಮಾತ್ರ. ನಿವೃತ್ತಿಯ ಭಾಷಣಗಳಲ್ಲಿ ಅದನ್ನು ಎಲ್ಲರೂ ಹೊಗಳಿದ್ದರು.

“ಏನೋ, ಹೆಡ್‌ಫೋನು ಹಿಡ್ಕೊಂಡು ಕಲ್ಲಾಗಿಬಿಟ್ಟೆ?” ಅಕ್ಕ ಕಾಫಿ ತಂದಿಟ್ಟಳು.

“ಅರ್ಧ ಗಂಟೆ ಟೈಮು ಕೊಡು. ರೆಕಾರ್ಡರು ಪ್ಯಾಕ್ ಮಾಡಬೇಡ” ಎಂದವನೇ ಕಾಫಿಯನ್ನೂ ಮುಟ್ಟದೆ ಕೆಳಗಿಳಿದೆ.

ಮೂರನೆಯ ತಿರುವಿನಲ್ಲಿ ಒಂದು ಅಂಗಡಿಯುಂಟು. ಫೋನಿನ ಕವಚಗಳು, ವಯರುಗಳು, ಗೋಡೆಯ ತುಂಬ ನೇತುಹಾಕಿದ ಹೆಡ್‌ಫೋನುಗಳು. ನನ್ನ ಮೊಮ್ಮಗಳ ವಯಸ್ಸಿನ ಒಬ್ಬ ಹುಡುಗಿ ಸ್ಟೂಲಿನ ಮೇಲೆ ಕುಳಿತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಓದಿ ಧ್ವನಿಮುದ್ರಿಸುವವರಿಗೆ ಒಂದು ಒಳ್ಳೆಯ ಹೆಡ್‌ಫೋನು ಬೇಕೆಂದೆ.

ಅವಳು ತಲೆಯೆತ್ತಿ ಕೇಳಿದಳು: “ಯಾವುದಕ್ಕೆ ಹಾಕ್ತೀರಾ ತಾತ?”

 ಎಂದೋ ಮಣ್ಣಾದ ಉಗ್ರಾಣಿಯ ಐವತ್ತು ವರ್ಷ ಹಿಂದಿನ ಪ್ರಶ್ನೆಯನ್ನು ಈ ಮಗು ಎಲ್ಲಿಂದ ಹೆಕ್ಕಿಕೊಂಡಿತು?

“ಯಾಕಮ್ಮ ಹಾಗೆ ಕೇಳಿದೆ?”

“ಮತ್ತೆ? ಅದು ಗೊತ್ತಾಗದೆ ಹೇಗೆ ಕೊಡ್ಲಿ? ದೊಡ್ಡ ಓಮಿಂದು ತಗೊಂಡು ಹೋಗಿ ಫೋನಿಗೆ ಹಾಕಿ, ಸೌಂಡೇ ಇಲ್ಲ ಅಂತ ಮಾರನೇ ದಿನ ಬಂದು ನನ್ನ ಹತ್ತಿರ ಜಗಳ ಆಡ್ತಾರೆ. ಅಂಥದಕ್ಕೆ ಮಧ್ಯ ಒಂದು ಆಂಪ್ಲಿಫೈಯರ್ ಬೇಕು. ಸಣ್ಣ ರೆಕಾರ್ಡರಿಗಾದ್ರೆ ಮೂವತ್ತೆರಡು ಸಾಕು. ನೀವು ಬೇರೆ ಎಲ್ಲೂ ಕೇಳಿ ಬೇಕಾದ್ರೆ.”

“ಬೇಡಮ್ಮ. ಕೇಳಬೇಕಾದವರನ್ನೇ ಕೇಳಿದ್ದೇನೆ” ಎಂದೆ.

ದಾರಿಯುದ್ದಕ್ಕೂ ಮನಸ್ಸು ನಾಚಿಕೆಗೇಡಿನ ಒಂದು ಉಪಾಯವನ್ನು ಹೆಣೆಯುತ್ತಿತ್ತು. ‘ಇದು ಹೊಸ ಮಾದರಿ, ವಯಸ್ಸಾದವರ ಕಿವಿಗೆಂದೇ ಮಾಡಿದ್ದು’ ಎಂದುಬಿಟ್ಟರೆ? ಅಕ್ಕ ಓದುವುದನ್ನು ಮುಂದುವರಿಸುತ್ತಾಳೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಉಪಾಯ ಎಷ್ಟು ಚೆನ್ನಾಗಿ ಹೊಂದಿತೆಂದರೆ ಮೆಟ್ಟಿಲು ಹತ್ತುವಾಗ ನಾನು ಸೀಟಿ ಹಾಕುತ್ತಿದ್ದೆನಂತೆ. ಇದನ್ನು ಆಮೇಲೆ ದರ್ಜಿ ಹೇಳಿದ.

ಅಕ್ಕ ಗೊಣಗುತ್ತಲೇ ಕುಳಿತಳು. ರೆಕಾರ್ಡರನ್ನು ಡಬ್ಬಿಯಿಂದ ತೆಗೆದು, ಹೊಸ ಹೆಡ್‌ಫೋನನ್ನು ಅದಕ್ಕೆ ಚುಚ್ಚಿ, ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಗುರುವಾರದ ಓದನ್ನು ಹಾಕಿದೆ.

ಅವಳು ಬೆಚ್ಚಿಬಿದ್ದು ಎರಡೂ ಕೈಗಳಿಂದ ಬಟ್ಟಲುಗಳನ್ನು ಹಿಡಿದುಕೊಂಡಳು.

“ಅಯ್ಯೋ! ಇದ್ಯಾರೋ ಇವಳು, ತರಕಾರಿ ಮಾರೋಳ ಹಾಗೆ ಕೂಗ್ತಾಳೆ?”

“ನೀನೇ ಅಕ್ಕ.”

ಇನ್ನೂ ಸ್ವಲ್ಪ ಕೇಳಿದಳು. ಪುಟ ಮಗುಚಿದ ಸದ್ದು, ತಾನು ಉಗುಳು ನುಂಗಿದ ಸದ್ದು, ಕುರ್ಚಿಯ ಕಾಲು ಕಿರುಗುಟ್ಟಿದ ಸದ್ದು, ಎಲ್ಲಕ್ಕೂ ಬೆರಳೆತ್ತಿ ಬೆರಳೆತ್ತಿ ನನಗೆ ತೋರಿಸಿದಳು. ಆಮೇಲೆ ಹೆಡ್‌ಫೋನನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದಳು, ನಾನು ದಾರಿಯಲ್ಲಿ ನಿರೀಕ್ಷಿಸಿದ್ದ ಪ್ರಶ್ನೆಯನ್ನೇ:

“ಇದು ಕಿವುಡರದ್ದೇನೋ? ಅದಕ್ಕೇ ಕೇಳ್ಸುತ್ತಾ?”

ಉಪಾಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವಳ ಮುಖದಲ್ಲಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತ ಅಮ್ಮನನ್ನು ಕಂಡೆ. ನಾನು ಹೌದೆಂದರೆ ಅಕ್ಕ ಇಂದು ಓದುತ್ತಾಳೆ. ಆದರೆ ಕಿವಿ ಹೋಯಿತೆಂಬ ನಂಬಿಕೆ ಅವಳೊಳಗೆ ಕುರ್ಚಿ ಹಾಕಿಕೊಂಡು ಕೂರುತ್ತದೆ. ಒಂದು ದಿನ ಅದೇ ಅವಳನ್ನು ಎಬ್ಬಿಸಿ ಬಾಗಿಲ ಬಳಿಗೆ ಕರೆದೊಯ್ಯುತ್ತದೆ.

“ಇಲ್ಲ ಅಕ್ಕ. ಇದು ಮೂವತ್ತೆರಡು ಓಮಿನದು. ನಾನು ಕಸದ ಬುಟ್ಟಿಗೆ ಹಾಕಿದೆನಲ್ಲ, ಅದರ ಅಣ್ಣತಮ್ಮ. ನಿನ್ನ ಕಿವಿಗೆ ಏನೂ ಆಗಿಲ್ಲ. ಆ ಆರು ನೂರರದ್ದನ್ನು ನೂಕೋ ಬಲ ಈ ಪುಟ್ಟ ಡಬ್ಬಿಗೆ ಇಲ್ಲ. ಅದು ನನಗೆ ಗೊತ್ತಿತ್ತು. ಇಪ್ಪತ್ತನಾಲ್ಕನೇ ವಯಸ್ಸಿಗೇ ಪೆಟ್ಟು ತಿಂದು ಕಲಿತಿದ್ದೆ. ದೊಡ್ಡ ಅಂಕಿ ನೋಡಿ ಮರೆತೆ. ನೀನು ಸದ್ದು ಮೆತ್ತಗಿದೆ ಅಂದಾಗಲಾದರೂ ಒಂದು ಸಲ ನನ್ನ ಕಿವಿಗೆ ಹಾಕಿ ನೋಡಬೇಕಿತ್ತು. ನೋಡಲಿಲ್ಲ.”

 ಅಕ್ಕನ ಹುಬ್ಬು ಮೇಲೇರಿತು. ಅರವತ್ತು ಮಕ್ಕಳನ್ನು ಕೂರಿಸುತ್ತಿದ್ದ ಆ ಹುಬ್ಬಿನ ಮುಂದೆ ಎಪ್ಪತ್ನಾಲ್ಕರ ನಾನು ಕುರ್ಚಿಯ ತುದಿಗೆ ಸರಿದೆ.

“ಶುದ್ಧವಾದ ಸದ್ದು ಕಿರುಚೋದಿಲ್ಲ” ಎಂದಳು.

“ಅಕ್ಕ…”

“ಮಕ್ಕಳ ಆಟದ ಸಾಮಾನು.”

“ತಪ್ಪಾಯ್ತು ಅಂದೆನಲ್ಲ.”

“ಎಲ್ಲಿ ಅಂದೆ? ಇಷ್ಟುದ್ದ ಪಾಠ ಹೇಳಿದೆ, ಅದರಲ್ಲಿ ಆ ಮಾತು ಎಲ್ಲೂ ಬರಲಿಲ್ಲ.” ಹೇಳುತ್ತಿದ್ದ ಹಾಗೆಯೇ ಅವಳ ಕಣ್ಣು ತುಂಬಿತು. ಅದನ್ನು ಮರೆಮಾಡಲು ಮೇಜಿನ ಸೆಳೆಖಾನೆಯನ್ನು ಎಳೆದು ಒಂದು ನೋಟ್‌ಬುಕ್ ತೆಗೆದಳು. ಯಾವ ದಿನ ಯಾವ ಅಧ್ಯಾಯ ಓದಿದೆನೆಂದು ಅವಳು ಬರೆದಿಡುವ ಪುಸ್ತಕ. “ನಿಮ್ಮ ನಿಲಯದಲ್ಲಿ ಅದೇನೋ ಬರೀತಿದ್ರಲ್ಲ, ಮನೆಗೆ ಬಂದು ಜಂಬ ಕೊಚ್ಚಿಕೊಳ್ತಿದ್ದೆ, ಒಂದೇ ಸಾಲು ಒಂದೇ ಸಾಲು ಅಂತ. ಬರಿ ಇಲ್ಲಿ.”

ನಾನು ಗೆರೆ ಎಳೆದು ನಾಲ್ಕು ಕಾಲಮುಗಳನ್ನು ಮಾಡಿದೆ. ದೋಷ: ಹನ್ನೊಂದು ಅಧ್ಯಾಯಗಳಲ್ಲಿ ಧ್ವನಿ ಅಗತ್ಯಕ್ಕಿಂತ ಎತ್ತರ. ಕಾರಣ: ಬ್ಯಾಟರಿಯ ರೆಕಾರ್ಡರಿಗೆ ಆರು ನೂರು ಓಮಿನ ಹೆಡ್‌ಫೋನು. ಪರಿಹಾರ: ಮೂವತ್ತೆರಡು ಓಮಿನದನ್ನು ಜೋಡಿಸಿದೆ; ಓದುವವರ ಕಿವಿ ನಿರ್ದೋಷ. ಹೊಣೆ: ಇಂಜಿನಿಯರು. ಕೆಳಗೆ ರುಜು ಹಾಕಿದೆ. ಅಕ್ಕ ಕನ್ನಡಕ ಏರಿಸಿ ಎರಡು ಸಲ ಓದಿ, ಹಳೆಯ ಅಭ್ಯಾಸಬಲದಿಂದ ಕೆಂಪು ಶಾಯಿಯ ಪೆನ್ನು ತೆಗೆದು, ‘ಓದುವವರ ಕಿವಿ ನಿರ್ದೋಷ’ ಎಂಬಲ್ಲಿಗೆ ಅಡಿಗೆರೆ ಎಳೆದಳು.

ಆಮೇಲೆ ಹೆಡ್‌ಫೋನಿನ ಒಂದು ಬಟ್ಟಲನ್ನು ಹೊರಕ್ಕೆ ಹೊರಳಿಸಿ, “ಬಾ ಇಲ್ಲಿ” ಎಂದಳು. ನಾನು ಕುರ್ಚಿಯನ್ನು ಎಳೆದುಕೊಂಡೆ. ಒಂದು ಬದಿಗೆ ಅವಳ ಕಿವಿ, ಇನ್ನೊಂದು ಬದಿಗೆ ನನ್ನದು. ನರೆತ ತಲೆಗೆ ನರೆತ ತಲೆ. ನಾಲ್ಕು ತಿಂಗಳ ಹಿಂದಿನ, ಆ ಕರಿಯ ಹೊಟ್ಟು ಉದುರುತ್ತಿದ್ದ ಕಾಲದ ಅವಳ ಓದೊಂದನ್ನು ಹಾಕಿದಳು. ತಗ್ಗಿದ, ಅವಸರವಿಲ್ಲದ ಧ್ವನಿ. ನಾನು ಅರಿವಿಲ್ಲದೆ ಉಸಿರು ಜೋರಾಗಿ ಬಿಟ್ಟೆನೆಂದು ತೋರುತ್ತದೆ. ತೊಡೆಯ ಮೇಲೆ ಚುರುಕ್ಕೆಂದಿತು.

“ಮೊದಲನೇ ಅಧ್ಯಾಯದಿಂದ ಮತ್ತೆ ಓದ್ತೀನಿ” ಎಂದಳು ಅಕ್ಕ. “ಗ್ರಂಥಾಲಯದ ಹುಡುಗಿಗೆ ನೀನೇ ಫೋನು ಮಾಡಿ ಹೇಳು, ಅಮ್ಮನಿಗೆ ಯಾರ ಮೇಲೂ ಕೋಪವಿಲ್ಲ, ತಮ್ಮನ ಮೇಲೆ ಮಾತ್ರ ಅಂತ. ಈಗ ಏಳು. ಆ ಕಂಬಳಿ ಕಟ್ಟು. ಫ್ಯಾನು ಆರಿಸು. ನಿನ್ನ ಆರು ನೂರನ್ನ ಎತ್ಕೋ, ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು.”

ಕತ್ತರಿಸಿದ ದಪ್ಪ ಪಿನ್ನನ್ನು ನಾನು ಎಸೆದಿರಲಿಲ್ಲ. ಮನೆಯ ಗುಂಡಿಗಳ ಡಬ್ಬಿಯಲ್ಲಿ ಅದು ಇದ್ದೇ ಇತ್ತು. ಸಂಜೆ ಕುಳಿತು ಮತ್ತೆ ಬೆಸುಗೆ ಹಾಕಬೇಕೆಂದುಕೊಂಡು, ಕೆಂಪು ದಾರದ ಮೇಲೆ ಹೆಬ್ಬೆರಳಾಡಿಸುತ್ತ ಮೆಟ್ಟಿಲಿಳಿದೆ. ದರ್ಜಿ ಮೆಷಿನ್ನು ನಿಲ್ಲಿಸಿ, ಕತ್ತರಿಯನ್ನು ಕೆಳಗಿಟ್ಟು, ತಾರಸಿಯ ಕಡೆಗೆ ಮುಖವೆತ್ತಿ ಕುಳಿತಿದ್ದ.

“ಏನ್ ಸಾರ್, ಟೀಚರಮ್ಮ ಬಾಗಿಲು ಹಾಕ್ಕೊಂಡಿದ್ದು ಕೇಳಿಸ್ತು. ಓದೋದು ಕೇಳಿಸ್ತಿಲ್ಲ. ಬಿಟ್ಟೇಬಿಟ್ರಾ?”

ನಾನೂ ನಿಂತು ಕಿವಿಗೊಟ್ಟೆ. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಮೇಲಿನಿಂದ ಒಂದು ಅಕ್ಷರವೂ ಇಳಿದು ಬರಲಿಲ್ಲ.

“ಓದುತ್ತಿದ್ದಾರೆ” ಎಂದೆ.

“ಮತ್ತೆ ನಮಗೆ ಕೇಳಿಸ್ತಿಲ್ವಲ್ಲ?”

“ಅವರಿಗೆ ಕೇಳಿಸ್ತಿದೆಯಪ್ಪ.”

ಅವನಿಗೆ ಅದರಿಂದ ಯಾವ ಸಮಾಧಾನವೂ ಆದಂತೆ ಕಾಣಲಿಲ್ಲ. “ಅದೆಲ್ಲ ಸರಿ ಸಾರ್,” ಎಂದ ಎರಡು ಎಡಗಾಲಿನ ಪ್ಯಾಂಟನ್ನು ಮಡಿಲಿಗೆಳೆದುಕೊಳ್ಳುತ್ತ, “ಆ ಹುಡುಗಿ ಗಂಟು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಾಳಲ್ಲ, ಅವಳ ಗತಿ?”